ಒಂದಿಂಚಿನ ಮೇಲೆ ಎರಡು ನೂಲು

"ಇದೂ ದೊಡ್ಡದೇ!"

ರಾಜಶೇಖರ್ ಸ್ಪ್ಯಾನರ್ ಎಸೆದ. ಅದು ಶೆಡ್ಡಿನ ತಗಡಿಗೆ ಬಡಿದ ಸದ್ದಿಗೆ ಹೊರಗೆ ಕಟ್ಟಿದ್ದ ಎಮ್ಮೆ ಬೆದರಿ ಎದ್ದು ನಿಂತಿತು.

ಕೊಯಮತ್ತೂರಿನಿಂದ ತರಿಸಿದ ಎರಡನೇ ಕಾರ್ಬುರೇಟರ್ ಅದು. ಎದುರಿಗೆ ಅಪ್ಪನ ಮಾರಿಸ್ ಮೈನರ್, ನಲವತ್ತೈದು ವರ್ಷದಿಂದ ಕದಲದ ಇಂಗ್ಲಿಷ್ ಕಾರು, ಬಾನೆಟ್ ತೆರೆದು ಅಣಕಿಸುತ್ತಿತ್ತು. ಅಪ್ಪ ಪುಟ್ಟಬಸಪ್ಪ ತೀರಿಕೊಂಡಾಗ ರಾಜಶೇಖರನಿಗೆ ಮೂರು ವರ್ಷ. ಆ ತಿಂಗಳೇ ಕಾರು ಶೆಡ್ಡು ಸೇರಿತು. ಕಾರ್ಬುರೇಟರನ್ನು ಯಾವ ಪುಣ್ಯಾತ್ಮನೋ ಬಿಚ್ಚಿ ಒಯ್ದಿದ್ದ.

ಭಾನುವಾರ ಗೆಟ್ಟವಾಡಿಯಲ್ಲಿ ಸೋದರಮಾವ ನಂಜುಂಡಸ್ವಾಮಿಯ ಗೃಹಪ್ರವೇಶ. ಅವ್ವ ಚನ್ನಬಸಮ್ಮ ತಮ್ಮನಿಗೆ ಫೋನಿನಲ್ಲೇ ಖಡಾಖಂಡಿತವಾಗಿ ಹೇಳಿದ್ದಳು: "ಬಂದ್ರೆ ನಮ್ ಕಾರಲ್ಲೇ ಬತ್ತೀನಿ. ಇಲ್ದಿದ್ರೆ ಇಲ್ಲ." ಎಪ್ಪತ್ತೈದರ ಅವ್ವ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಅದನ್ನೂ ನಡೆಸಿಕೊಡಲಾಗದಿದ್ದರೆ ತಾನೆಂಥ ಮಗ!

ಟೈರು, ಬ್ಯಾಟರಿ, ಟ್ಯಾಂಕು ಎಲ್ಲ ಸರಿಹೋಗಿದ್ದವು. ಉಳಿದದ್ದು ಇದೊಂದು ಪೀಡೆ. ಮೊದಲು ಬಂದದ್ದರ ಮೇಲೆ ಎಚ್‌ಎಸ್ 4 ಎಂದಿತ್ತು. ಅದರ ಬಾಯಿ ಎಂಜಿನ್ನಿನ ಬಾಯಿಗಿಂತ ದೊಡ್ಡದು. ರಾಜಶೇಖರ್ ತಲೆ ಓಡಿಸಿದ. ಪಂಪ್‌ಸೆಟ್ ಮೋಟಾರಿಗೆ ಸುತ್ತುವ ತಂತಿಯಲ್ಲಿ ನಂಬರ್ ಹೆಚ್ಚಾದಷ್ಟೂ ತಂತಿ ಸಣ್ಣ. ಬೋರ್‌ವೆಲ್ ಇಟ್ಟುಕೊಂಡವನಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಇದೂ ಹಾಗೇ ಇರಬೇಕೆಂದು 6 ತರಿಸಿದ. ಬಂದದ್ದು ಇನ್ನೂ ದೊಡ್ಡದು! ಹಾಸನೂರಿನ ಮೆಕ್ಯಾನಿಕ್ ಮುರುಗನ್ ಫೋನಿನಲ್ಲಿ ನಕ್ಕುಬಿಟ್ಟ. "ಅಣ್ಣಾ, ಅದೆಲ್ಲ ನಮ್ ತಾತನ ಕಾಲದ್ದು. ನಂಗೊತ್ತಿಲ್ಲ."

ರಾಜಶೇಖರನಿಗೆ ಮೈ ಉರಿದುಹೋಯಿತು. ಸುಧಾರಿಸಿಕೊಳ್ಳಲು ಸ್ಟೀರಿಂಗ್ ಮುಂದೆ ಕೂರಹೋದರೆ ಮೊಣಕಾಲು ಸಿಕ್ಕಿಕೊಂಡಿತು. ಸೀಟು ಪೂರ್ತಿ ಮುಂದಕ್ಕೆ ಸರಿದು ಅಲ್ಲೇ ತುಕ್ಕು ಹಿಡಿದಿತ್ತು. ಕ್ಲಚ್ ಪೆಡಲಿಗೆ ಯಾರೋ ಮರದ ತುಂಡೊಂದನ್ನು ಬಿಗಿದಿದ್ದರು. ಅಪ್ಪ ಆರಡಿಯ ಆಳು, ಅವನಿಗೆ ಇವೆರಡೂ ಬೇಕಿರಲಿಲ್ಲ.

"ಈ ಸೀಟ ಮುಂದಕ್ ತಳ್ಳಿ ಹಾಳ್ಮಾಡಿದ್ ಯಾರ್ಲಾ?" ಎಂದು ಬಾಗಿಲಲ್ಲಿದ್ದ ರಾಚನ ಮೇಲೆ ರೇಗಿದ. ರಾಚ ಅಪ್ಪನ ಕಾಲದಿಂದ ಇವರ ಹೊಲದಲ್ಲಿ ದುಡಿದ ಮುದುಕ.

"ನಂಗೇನ್ ಗೊತ್ತು ಬುದ್ಧಿ. ಯಜಮಾನ್ರ ಕಾರು ಬತ್ತಾದೆ ಅಂದ್ರೆ ತಲೆ ಬಗ್ಗುಸ್ಕಂಡು ನಿಂತ್ಕತಿದ್ದೊ. ಒಳಿಕ್ಕೆ ನೋಡೊ ಧೈರ್ಯ ಯಾರ್ಗಿತ್ತು?"

ಅಷ್ಟರಲ್ಲಿ ಅವ್ವ ಮಜ್ಜಿಗೆ ತಂದಳು. ಲೋಟ ಕೆಳಗಿಟ್ಟು, ನೆಲದ ಮೇಲಿದ್ದ ಎರಡು ಕಾರ್ಬುರೇಟರುಗಳನ್ನೂ ನೋಡಿದಳು.

"ನೂಲಿನ ಲೆಕ್ಕ ಕಣ್ಲಾ ಅದು. ಬಡಗಿಗೊಳ್ದು ಇಂಚಿಗೆ ಎಂಟು ನೂಲಲ್ವಾ? ಒಂದಿಂಚಿನ್ ಮ್ಯಾಲೆ ಎಷ್ಟು ನೂಲೊ, ಅದೇ ನಂಬ್ರ. ನಾಕು ಅಂದ್ರೆ ಒಂದೂವರೆ ಇಂಚು. ನಮ್ಮದು ಒಂದೂಕಾಲು. ಎರಡ್ನೇ ನಂಬ್ರದ್ದು ತರುಸು."

ಅಳೆದು ನೋಡಿದ. ಎಂಜಿನ್ನಿನ ಬಾಯಿ ಕರಾರುವಾಕ್ಕಾಗಿ ಒಂದೂಕಾಲು ಇಂಚು.

"ನಿಂಗೆಂಗವ್ವ ಗೊತ್ತು?"

"ನಿಮ್ಮಪ್ಪನ ಕಾಲ್ದಲ್ಲಿ ಈ ಕಾರಿನ್ ಕೆಲ್ಸ ಒರಗ್ನೋರ್ಗೆ ಯಾವತ್ ಕೊಟ್ಟಿದ್ದೊ? ಅವ್ರು ಕಣ್ಮುಚ್ಚುದ್ ಮ್ಯಾಲೆ, ಇನ್ ಕಾರ್ ಓಡ್ಸೋರ್ ಯಾರು ಅಂದ್ರು ಊರೋರು. ನಾನೂ ಸುಮ್ಮನಾದೆ."

ರಾಜಶೇಖರನ ಎದೆಯುಬ್ಬಿತು. ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಹೆಂಡತಿಗೇ ಇಷ್ಟು ಗೊತ್ತಾಗಬೇಕಾದರೆ ಅಪ್ಪ ಎಂಥ ಕೆಲಸಗಾರನಾಗಿದ್ದಿರಬೇಕು! ತಾನೋ, ಎರಡು ಸಲ ತಪ್ಪು ತರಿಸಿದ ದಡ್ಡ.

ಶನಿವಾರ ಎಚ್‌ಎಸ್ 2 ಬಂತು, ಹೇಳಿ ಮಾಡಿಸಿದ ಹಾಗೆ ಕೂತಿತು. ಭಾನುವಾರ ಬೆಳಿಗ್ಗೆ ಎಂಜಿನ್ ನಾಲ್ಕು ಸಲ ಕೆಮ್ಮಿ, ಗುರುಗುಟ್ಟಿ, ಒಂದೇ ಸಮನೆ ಓಡತೊಡಗಿತು. ರಾಚ ಕೂಡ ಕೈಮುಗಿದ.

ಆದರೆ ಸೀಟು? ಎಣ್ಣೆ ಬಿಟ್ಟ, ಸುತ್ತಿಗೆಯಿಂದ ಬಡಿದ, ಒದ್ದ. ಒಂದು ನೂಲೂ ಹಿಂದೆ ಸರಿಯಲಿಲ್ಲ. ಮುಹೂರ್ತಕ್ಕೆ ಮುಕ್ಕಾಲು ಗಂಟೆ ಉಳಿದಿತ್ತು. ಮೊಣಕಾಲು ಮಡಿಸಿ ತುರುಕಿಕೊಂಡರೆ ಬ್ರೇಕಿಗೆ ಕಾಲೇ ಆಡುವುದಿಲ್ಲ. ಇಷ್ಟೆಲ್ಲ ಮಾಡಿ, ಕೊನೆಗೆ ಒಂದು ಹಾಳು ಸೀಟಿಗೆ ಸೋಲುವುದೇ? ಅವನಿಗೆ ಅಳುವೇ ಬಂತು.

ಅವ್ವ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಚ್ಚಿ ಬಂದು ಸ್ಟೀರಿಂಗ್ ಕಡೆಯ ಬಾಗಿಲು ತೆಗೆದಳು.

"ಇಳಿ ಮಗ," ಎಂದು ಎಡಗಡೆಯ ಸೀಟು ತೋರಿಸಿದಳು. "ನಿಮ್ಮಪ್ಪ ಯಾವಾಗ್ಲೂ ಅಲ್ಲೇ ಕೂರ್ತಿದ್ದುದು."