ಕೋಣಂದೂರಿನವರೆಗೆ ಟೆಸ್ಟ್ ಡ್ರೈವ್

ಟೆಸ್ಟ್ ಡ್ರೈವ್ ಎಂದರೆ ಐದು ಕಿಲೋಮೀಟರ್, ಹೋಗಿ ಬರುವುದು ಎರಡೂ ಸೇರಿ. ತೀರ್ಥಹಳ್ಳಿಯ ಶೋರೂಮಿನಲ್ಲಿ ಕಾರು ಮಾರುವ ಕಾವ್ಯಾ ಎಲ್ಲರಿಗೂ ಹೇಳುವ ಹಾಗೆ, ಹೊಸನಗರದ ಕಡೆಯಿಂದ ಬಂದಿದ್ದ ನಾಗರಾಜಪ್ಪನವರಿಗೂ ಇದನ್ನು ಹೇಳಿದ್ದಳು. ಅವರು ತಲೆಯಾಡಿಸಿದ್ದರು. ಈಗ ಕಾರು ಹದಿನಾಲ್ಕನೇ ಕಿಲೋಮೀಟರ್ ದಾಟಿ ಕೋಣಂದೂರಿನತ್ತ ಹೋಗುತ್ತಿತ್ತು.

ಸ್ಟಿಯರಿಂಗ್ ಅವರ ಮಗ ದೀಪಕ್‌ನ ಕೈಯಲ್ಲಿತ್ತು. ಅವನ ತಾಯಿ ಹುಲಿಯಮ್ಮ ರೇಷ್ಮೆ ಸೀರೆ ಉಟ್ಟು, ಹಣ್ಣು ಹೂವಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬೆಳಿಗ್ಗೆ ಆ ಚೀಲ ನೋಡಿಯೇ ಕಾವ್ಯಾಳಿಗೆ ಇವತ್ತು ಬುಕಿಂಗ್ ಗ್ಯಾರಂಟಿ ಅನ್ನಿಸಿತ್ತು. ಎರಡು ತಿಂಗಳಿಂದ ಅವಳ ಕೈಯಿಂದ ಒಂದು ಗಾಡಿಯೂ ಹೋಗಿರಲಿಲ್ಲ. ಈ ತಿಂಗಳೂ ಹೋಗದಿದ್ದರೆ ಬೇರೆ ಕಡೆ ಕೆಲಸ ನೋಡಿಕೋ ಎಂದು ಮ್ಯಾನೇಜರ್ ಹೇಳಿಯಾಗಿತ್ತು. ಹಾಗಾಗಿ ದಾರಿಯುದ್ದಕ್ಕೂ ವಿವರಿಸುತ್ತಲೇ ಇದ್ದಳು. ಇದು ವ್ಯಾನೂ ಅಲ್ಲ, ಜೀಪೂ ಅಲ್ಲ, ಕ್ರಾಸ್‌ಓವರ್. ಏಳು ಜನ ಕೂರಬಹುದು. ಆದರೆ ನೋಡುವವರಿಗೆ ದೊಡ್ಡ ಕಾರಿನ ಹಾಗೆ ಕಾಣುತ್ತದೆ.

“ನೋಡೋರಿಗೆ ಕಾಣೋದೇ ನಮಗೆ ಬೇಕಾಗಿದ್ದು ಮೇಡಂ,” ಎಂದರು ನಾಗರಾಜಪ್ಪ. “ನಿಮ್ಮತ್ರ ಮುಚ್ಚಿಡೋದು ಎಂತಕ್ಕೆ? ಇವ್ನು ಶಾಲೆ ಮಕ್ಕಳ ವ್ಯಾನ್ ಓಡಿಸ್ತಾನೆ. ಅದೇ ವ್ಯಾನಲ್ಲಿ ಮೂರು ಕಡೆ ಹೆಣ್ಣು ನೋಡಕ್ಕೆ ಹೋಗಿದ್ವಿ. ಮೂರೂ ಕಡೆ ಗಾಡಿ ನೋಡಿದ್ರು, ಹುಡುಗನ್ನ ನೋಡ್ಲಿಲ್ಲ. ಇವತ್ತು ನಾಲ್ಕನೇದು. ಇಲ್ಲಿ ಒಪ್ಪಿದ್ರೆ ನಾಳೆನೇ ಇದೇ ಕಾರು ಬುಕ್ ಮಾಡ್ತೀವಿ, ದೇವ್ರಾಣೆ.”

ಗಾಡಿ ತಿರುಗಿಸಿ ಎಂದು ಕಾವ್ಯಾ ಹೇಳಬೇಕಿತ್ತು. ಹೇಳಲಿಲ್ಲ. ಹುಲಿಯಮ್ಮ ಚೀಲದಿಂದ ಒಂದು ಶಾಲು ತೆಗೆದು, ಅವಳ ಅಂಗಿಯ ಮೇಲಿದ್ದ ಕಂಪನಿಯ ಹೆಸರು ಮುಚ್ಚುವಂತೆ ಹೊದಿಸಿದರು. “ಸೆಕೆ ಆಗತ್ತೆ. ಸ್ವಲ್ಪ ತಡ್ಕಳಮ್ಮ.”

ಹುಡುಗಿಯ ತಂದೆ ಸುಬ್ಬಪ್ಪ ಜಗಲಿಯಲ್ಲೇ ಕಾಯುತ್ತಿದ್ದರು. ಕಾರಿನ ಹಿಂದಿನ ಗಾಜಿನ ಮೇಲೆ ಇಷ್ಟಗಲ ಅಕ್ಷರದಲ್ಲಿ ‘ಟೆಸ್ಟ್ ಡ್ರೈವ್’ ಎಂದು ಬರೆದಿತ್ತು. ನಾಗರಾಜಪ್ಪ ಮಗನಿಗೆ ಸನ್ನೆ ಮಾಡಿ, ಗಾಜು ಕೊಟ್ಟಿಗೆಯ ಗೋಡೆಗೆ ತಾಗುವಷ್ಟು ರಿವರ್ಸ್ ಹಾಕಿಸಿದರು. “ಇವ್ರು?” ಎಂದು ಸುಬ್ಬಪ್ಪ ಕಾವ್ಯಾಳನ್ನು ನೋಡಿದಾಗ, “ನಮ್ಮ ಕಡೆಯೋರೇ,” ಎಂದರು ಹುಲಿಯಮ್ಮ. ಕಾವ್ಯಾ ಶಾಲಿನೊಳಗೆ ಬೆವರುತ್ತ ಕೈ ಮುಗಿದಳು.

ಪಂಚಾಯ್ತಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಸುಪ್ರಿಯಾ ಎಲ್ಲರಿಗೂ ಕಾಫಿ ಕೊಟ್ಟಳು. ಹುಡುಗನ ಕಡೆ ಒಂದು ಸಲ, ಕಾರಿನ ಕಡೆ ಮೂರು ಸಲ ನೋಡಿದಳು. “ಒಂದ್ಸಲ ಕೂತು ನೋಡ್ಲಾ?” ಎಂದು ಕೇಳಿದಾಗ ನಾಗರಾಜಪ್ಪನವರ ಮುಖ ಅರಳಿತು. ಕಾವ್ಯಾ ಅಭ್ಯಾಸಬಲದಿಂದ ಎದ್ದು ಹೋಗಿ ಮಧ್ಯದ ಸೀಟು ಮಡಚಿ, ಅವಳನ್ನು ಹಿಂದಿನ ಸಾಲಿಗೆ ಹತ್ತಿಸಿ, ತಾನೂ ಪಕ್ಕದಲ್ಲಿ ಕೂತಳು. “ಇಲ್ಲಿ ಚಾರ್ಜಿಂಗ್ ಪಾಯಿಂಟ್...” ಎಂದು ಶುರು ಮಾಡಿ ನುಂಗಿಕೊಂಡಳು.

ಸುಪ್ರಿಯಾ ತಿರುಗಿ ಗಾಜು ನೋಡುತ್ತಿದ್ದಳು. ಹಿಂದಿದ್ದ ಕೊಟ್ಟಿಗೆಯ ಬಿಳಿ ಗೋಡೆಯಿಂದಾಗಿ ಗಾಜಿನ ಅಕ್ಷರಗಳು ಒಳಗಿನಿಂದ ಉಲ್ಟಾ ಕಾಣುತ್ತಿದ್ದವು. ಅವಳು ಬೆರಳಿಟ್ಟು ಒಂದೊಂದಾಗಿ ಓದಿದಳು.

“ಇದು ಅವ್ರ ಕಾರಲ್ಲ, ಅಲ್ವಾ?”

ಅವರದ್ದೇ ಎಂದರೆ ನಾಳೆ ಬುಕಿಂಗ್. ಕಾವ್ಯಾ ಶಾಲು ತೆಗೆದು ತೊಡೆಯ ಮೇಲೆ ಮಡಚಿಟ್ಟಳು.

“ಅಲ್ಲ. ಶೋರೂಮಿಂದು. ನಾನೂ ಶೋರೂಮಿನೋಳೇ. ಅವ್ರದ್ದು ಶಾಲೆ ಮಕ್ಕಳ ವ್ಯಾನ್. ನೀವು ಒಪ್ಪಿದ್ರೆ ಇದನ್ನ ತಗೋತಾರಂತೆ.”

ಸುಪ್ರಿಯಾ ಇಳಿದು ನೇರವಾಗಿ ದೀಪಕ್‌ನ ಮುಂದೆ ಹೋಗಿ ನಿಂತಳು.

“ನಿಮ್ಮ ವ್ಯಾನಲ್ಲಿ ಎಷ್ಟು ಮಕ್ಳು ಬರ್ತಾರೆ?”

ನಾಗರಾಜಪ್ಪ ಮಾಡಿನ ಹಂಚು ನೋಡತೊಡಗಿದರು. ದೀಪಕ್ ಲೋಟ ಕೆಳಗಿಟ್ಟ. “ಎಂಟು.”

“ಅಳಲ್ವಾ?”

“ಸೋಮವಾರ ಇಬ್ರು ಅಳ್ತಾರೆ. ಮಂಗಳವಾರದಿಂದ ಇಲ್ಲ.”

“ಅತ್ರೆ ಎಂತ ಮಾಡ್ತೀರಿ?”

“ಮುಂದೆ ಪಕ್ಕದಲ್ಲಿ ಕೂರಿಸ್ಕಂಡು ಹಾರ್ನ್ ಒತ್ತಕ್ಕೆ ಕೊಡ್ತೀನಿ. ಊರೋರು ಬೈತಾರೆ.”

ಸುಪ್ರಿಯಾ ತಂದೆಯ ಕಡೆ ತಿರುಗಿದಳು. “ಅಪ್ಪಾ, ನಂಗೆ ಒಪ್ಗೆ,” ಎಂದಳು. “ಆದ್ರೆ ಈ ಕಾರು ಬ್ಯಾಡ. ಹಿಂದೆ ಕೂತ್ರೆ ಮೊಣಕಾಲು ಹಿಡಿಸಲ್ಲ.”

“ತಗೊಂಡಾಗಿದ್ಯಲ್ಲೇ?” ಎಂದರು ಸುಬ್ಬಪ್ಪ.

“ಇಲ್ಲ,” ಎಂದರು ನಾಗರಾಜಪ್ಪ, ಹಂಚಿನಿಂದ ಕಣ್ಣು ಇಳಿಸದೆ. “ನೋಡಕ್ಕೆ ತಂದಿದ್ವಿ.”

ಸುಬ್ಬಪ್ಪ ಕಾರನ್ನು ನೋಡಿದರು, ಇಳಿದು ಬಂದಿದ್ದ ಕಾವ್ಯಾಳ ಅಂಗಿಯ ಮೇಲಿನ ಕಂಪನಿಯ ಹೆಸರನ್ನು ಓದಿದರು, ಮಗಳ ಮುಖ ನೋಡಿದರು. ಆಮೇಲೆ ಒಳಗಡೆಗೆ ಕೂಗಿ ಇನ್ನೊಂದು ಸುತ್ತು ಕಾಫಿಗೆ ಹೇಳಿದರು.

ಹೊರಡುವಾಗ ದೀಪಕ್ ಕೀ ಕಾವ್ಯಾಳ ಕೈಗೆ ಕೊಟ್ಟ. “ನೀವೇ ಓಡಿಸಿ ಮೇಡಂ.” ನಾಗರಾಜಪ್ಪ ಮುಂದೆ ಕೂತು ಊರು ದಾಟುವವರೆಗೂ ಕಾರನ್ನು ಹೊಗಳಿದರು. ಇಂಥ ಗಾಡಿ ಜಿಲ್ಲೆಯಲ್ಲೇ ಇಲ್ಲವಂತೆ. ಏಸಿಯಂತೂ ಕೇಳುವುದೇ ಬೇಡವಂತೆ. ಮ್ಯಾನೇಜರ್‌ಗೆ ಏನು ಹೇಳುವುದೆಂದು ಯೋಚಿಸುತ್ತ ಕಾವ್ಯಾ ಕನ್ನಡಿ ನೋಡಿದಳು. ಆರಡಿಯ ದೀಪಕ್ ಕೊನೆಯ ಸಾಲಿನಲ್ಲಿ, ಸುಪ್ರಿಯಾ ಕೂತಿದ್ದ ಸೀಟಿನಲ್ಲಿ, ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು, ಬೆಲ್ಟ್ ಬೇರೆ ಹಾಕಿಕೊಂಡು ಕೂತಿದ್ದ.

“ಅಲ್ಲಿ ಇಕ್ಕಟ್ಟಾಗತ್ತೆ ಸರ್. ಮಧ್ಯದ ಸೀಟಿಗೆ ಬನ್ನಿ.”

“ಬ್ಯಾಡ ಮೇಡಂ,” ಎಂದ ದೀಪಕ್. “ಇಲ್ಲಿ ಬಾಳ ಜಾಗ ಇದೆ.”