ಶತ್ರುಗಳಿಲ್ಲದ ಆಟ

"ಶತ್ರುಗಳು ಯಾವಾಗ ಬರ್ತಾರೆ?" ಗುಂಡಿ ಒತ್ತುತ್ತಲೇ ಸಾಂಗುಕ್ ಕೇಳಿದ. ಬುಸಾನಿನ ವಿಡಿಯೋ ಗೇಮ್ ಪಂದ್ಯಗಳಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿದ್ದ ಅವನ ಹೆಬ್ಬೆರಳು ಇವತ್ತಿಗೂ ಅದೇ ವೇಗದಲ್ಲಿ ಓಡುತ್ತಿತ್ತು. ಪರದೆಯ ಮೇಲೆ ನೂಡಲ್ಸ್ ಅಂಗಡಿಯ ಹೆಂಗಸು ಬಾಯಿ ತೆರೆದಾಗಲೆಲ್ಲ ಅವಳ ಮಾತನ್ನು ಹಾರಿಸಿ ಮುಂದೆ ಹೋಗುತ್ತಿದ್ದ.

"ಬರಲ್ಲ ಅಣ್ಣ. ಇದರಲ್ಲಿ ಗೆಲ್ಲೋದು ಸೋಲೋದು ಇಲ್ಲ. ಸುಮ್ನೆ ಕೂತು ಅವಳು ಹೇಳೋದು ಕೇಳ್ಬೇಕು. ಈಗ ಇಂಥ ಆಟಗಳೂ ಬಂದಿವೆ," ಎಂದಳು ಆಟ ತಯಾರಿಸಿದ ತಂಗಿ ದಾಯಿನ್. "ದನಿ ಯಾರದ್ದು ಅಂತಾದ್ರೂ ಗೊತ್ತಾಯ್ತಾ?"

ಅವನ ಬೆರಳು ನಿಂತಿತು. ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ತಾಯಿ ನಕ್ಕಳು. "ಬೈಬೇಡ ಕಣೇ. ಫೋನಿನಲ್ಲೂ ನಿಮ್ಮಣ್ಣ ಹೀಗೇ, ಅರ್ಧಕ್ಕೇ ಇಟ್ಟುಬಿಡ್ತಾನೆ." ಅಷ್ಟು ಹೇಳಿ ಎದ್ದು ಅಡುಗೆಮನೆಗೆ ಹೋದಳು.

ಸಾಂಗುಕ್ ಆಟವನ್ನು ಮೊದಲಿನಿಂದ ಶುರು ಮಾಡಿದ. ಈ ಸಲ ಗುಂಡಿ ಮುಟ್ಟಲಿಲ್ಲ. ಪರದೆಯ ಹೆಂಗಸು ಸಾರು ಕಲಕುತ್ತಾ ಅಮ್ಮನ ದನಿಯಲ್ಲಿ ಹೇಳಿದಳು: "ಮಗನ ಕೊನೇ ಪಂದ್ಯಕ್ಕೆ ಅಂಗಡಿ ಮುಚ್ಚಿ ಹೋಗಿದ್ದೆ. ಸೋತು ಅಳ್ತಾ ಕೂತಿದ್ದ. ನಾನು ನೋಡಿದೆ ಅಂತ ಗೊತ್ತಾದ್ರೆ ಇನ್ನೂ ಕುಗ್ಗಿಹೋಗ್ತಾನೆ ಅಂತ ಹಿಂದಿನ ಸಾಲಿನಿಂದಲೇ ಎದ್ದು ಬಂದೆ."

ಅವತ್ತು ಮನೆಯವರೊಬ್ಬರೂ ಬರಲಿಲ್ಲವೆಂಬ ಸಿಟ್ಟಿನಲ್ಲೇ ಅವನು ಮನೆ ಬಿಟ್ಟಿದ್ದ. ಆ ಸಿಟ್ಟಿನಲ್ಲೇ ಇಷ್ಟು ವರ್ಷ ಅಮ್ಮನ ಮಾತನ್ನು ಅರ್ಧಕ್ಕೆ ಕತ್ತರಿಸಿದ್ದ.

"ಊಟಕ್ಕೆ ಇರ್ತೀಯೋ, ಹೊರಟೆಯೋ?" ಒಳಗಿನಿಂದ ಅಮ್ಮ ಕೂಗಿದಳು. ಅವನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಇರ್ತೀನಿ ಎಂಬಂತೆ ತಲೆಯಾಡಿಸಿದ. ಒಲೆಯ ಕಡೆ ಮುಖ ಮಾಡಿದ್ದ ಅಮ್ಮನಿಗೆ ಅದು ಕಾಣಲಿಲ್ಲ.