ಕರೆಂಟು ಹೋಗದ ಬೀದಿ

ಬಾಗಿಲು ತಟ್ಟುವ ಮೊದಲು ಶಿವಸ್ವಾಮಿ ಕಿಟಕಿಯಲ್ಲಿ ಇಣುಕಿದರು. ಒಳಗೆ ಟಿ.ವಿ. ಓಡುತ್ತಿತ್ತು. ಮಟಮಟ ಮಧ್ಯಾಹ್ನ, ಗುಂಡ್ಲುಪೇಟೆಯ ಅರ್ಧ ಊರು ಕರೆಂಟಿಲ್ಲದೆ ಬೆವರು ಒರೆಸಿಕೊಳ್ಳುತ್ತಿದ್ದರೆ ಈ ಮನೆಯಲ್ಲಿ ಟೇಬಲ್ ಫ್ಯಾನು ಕೂಡ ತಿರುಗುತ್ತಿತ್ತು. ಆಸಾಮಿ ಸಿಕ್ಕಿಬಿದ್ದ ಅಂದುಕೊಂಡರು.

ಶಿವಸ್ವಾಮಿ ವಿದ್ಯುತ್ ಇಲಾಖೆಯ ಅಧಿಕಾರಿ. ಚಾಮರಾಜನಗರಕ್ಕೆ ವರ್ಗವಾಗಿ ಬಂದು ತಿಂಗಳೂ ಆಗಿರಲಿಲ್ಲ. ಆ ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗು ಎಲ್ಲ ಬೀದಿಗೂ ಸರದಿಯ ಮೇಲೆ ಬರಬೇಕಿತ್ತು. ಸಬ್‌ಸ್ಟೇಷನ್ನಿನ ಆಪರೇಟರು ಒಂದು ಲೈನ್ ತೆಗೆಯಬೇಕು, ಇನ್ನೊಂದು ಹಾಕಬೇಕು. ಆದರೆ ರೈಸ್‌ಮಿಲ್ ಬೀದಿಯ ಲೈನನ್ನು ಒಂದು ವಾರದಿಂದ ತೆಗೆದೇ ಇಲ್ಲ, ಅದರ ಪಾಲಿನ ಕತ್ತಲೆಯನ್ನೂ ನಮ್ಮ ತಲೆಗೇ ಕಟ್ಟುತ್ತಿದ್ದಾರೆ ಎಂದು ತೆರಕಣಾಂಬಿ ಕಡೆಯವರು ಫೋನಿನಲ್ಲಿ ವಾಚಾಮಗೋಚರವಾಗಿ ಬೈದಿದ್ದರು. ಆ ಬೀದಿಯಲ್ಲಿ ಮಿಲ್ ಮಾಲೀಕ ಗುರುಪಾದಸ್ವಾಮಿಯ ಮನೆಯಿತ್ತು. ಎದುರಿಗೇ ಆಪರೇಟರ್ ಬಸವಯ್ಯನ ಮನೆ. ಇದಕ್ಕೆ ದೊಡ್ಡ ಪತ್ತೇದಾರನೇನೂ ಬೇಕಿರಲಿಲ್ಲ.

ಬರುವ ದಾರಿಯಲ್ಲಿ ಸಬ್‌ಸ್ಟೇಷನ್ನಿಗೂ ಹೋಗಿದ್ದರು. ಪಾಳಿಯಲ್ಲಿದ್ದ ಚಿಕ್ಕಯ್ಯ ಮುಖವನ್ನೇ ಎತ್ತಲಿಲ್ಲ.

"ಬೇಕಾರೆ ನನ್ನೂ ಸಸ್ಪೆಂಡ್ ಮಾಡ್ಬುಡಿ ಸಾ. ಆ ಲೈನ್ ಮಾತ್ರ ನಾನು ತೆಗಿಯಕಿಲ್ಲ."

ಮಿಲ್ಲಿನವರ ಲಂಚದಲ್ಲಿ ಎಲ್ಲರಿಗೂ ಪಾಲು ಸಿಕ್ಕಿದೆ ಎಂದು ಶಿವಸ್ವಾಮಿಗೆ ಖಾತ್ರಿಯಾಯಿತು.

ಈಗ ಬಾಗಿಲು ತೆರೆದವಳು ಬಸವಯ್ಯನ ಹೆಂಡತಿ ಮಲ್ಲಮ್ಮ. ಅಧಿಕಾರಿ ಎಂದು ಹೇಳಿಕೊಂಡರೂ ಅವಳು ಗಾಬರಿಯಾಗಲಿಲ್ಲ. ಕೂತ್ಕೊಳ್ಳಿ ಅನ್ನಲಿಲ್ಲ, ಕಾಫಿ ಬೇಕಾ ಎಂದೂ ಕೇಳಲಿಲ್ಲ. ಬಸವಯ್ಯ ಚಾಪೆಯ ಮೇಲೆ ಗಡ್ಡ ಬಿಟ್ಟುಕೊಂಡು ಕೂತಿದ್ದ. ಅವನ ಕೈಯಲ್ಲಿ ಟಿ.ವಿ. ಗೇಮಿನ ರಿಮೋಟು. ಅದರ ಜೋಡಿ ಪಕ್ಕದಲ್ಲಿ ಬಿದ್ದಿತ್ತು.

ನಿವೃತ್ತಿಗೆ ಇನ್ನೆರಡು ವರ್ಷ ಇರುವ ಮನುಷ್ಯ ಹಾಡುಹಗಲೇ ಬಾಕ್ಸಿಂಗ್ ಆಡುತ್ತಿದ್ದಾನೆ! ಪರದೆಯ ಮೇಲೆ ಕೆಂಪು ಚಡ್ಡಿಯವನು ಕೈ ಎತ್ತಿ ನಿಂತಿದ್ದ. ನೀಲಿ ಚಡ್ಡಿಯವನು ಅಂಗಾತ ಬಿದ್ದಿದ್ದ. ಮೇಲೆ 8 ಎಂಬ ಅಂಕಿ. ತಮ್ಮನ್ನು ಕಂಡು ಆಟ ನಿಲ್ಲಿಸಿದ್ದಾನೆ ಅಂದುಕೊಂಡರು ಶಿವಸ್ವಾಮಿ. ಅವರ ಮನೆಯಲ್ಲೂ ಇಂಥದೇ ಒಂದಿತ್ತು. ಕರೆಂಟು ಹೋದಾಗಲೆಲ್ಲ ಆಟ ಅಳಿಸಿಹೋಯಿತೆಂದು ಮಕ್ಕಳು ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದರು.

ಫ್ಯಾನು ಬಸವಯ್ಯನ ಕಡೆಗಿರಲಿಲ್ಲ. ಗೇಮಿನ ಡಬ್ಬಕ್ಕೆ ಗಾಳಿ ಬೀಸುತ್ತಿತ್ತು. ಪುಕ್ಕಟೆ ಕರೆಂಟಿನ ಸೊಕ್ಕು ನೋಡು ಎಂದು ಶಿವಸ್ವಾಮಿಗೆ ಮೈ ಉರಿಯಿತು.

"ಇದು ಯಾರು ಕೊಡಿಸಿದ್ದು? ಮಿಲ್ಲಿನವರಾ?"

"ನನ್ ಮಗಳು ಬಿಂದುಶ್ರೀ ತಂದದ್ದು ಸಾ. ಎಸ್‌ಟಿಡಿ ಬೂತಲ್ಲಿ ಕೆಲ್ಸ. ಮೊದಲ್ನೆ ಸಂಬಳ." ಬಸವಯ್ಯನ ದನಿಯಲ್ಲಿ ಏರಿಳಿತವೇ ಇರಲಿಲ್ಲ.

"ಎಲ್ಲಿ ಅವಳು? ಕರೀರಿ, ಕೇಳ್ತೀನಿ."

"ಹಾಲು ತರಕ್ಕೆ ಓಗವ್ಳೆ ಸಾ."

ಸರಿ, ಬರಲಿ ಎಂದು ಶಿವಸ್ವಾಮಿ ಕುರ್ಚಿ ಎಳೆದುಕೊಂಡು ಕೂತರು. ಬಾಯಿ ಬಿಡಿಸುವುದಕ್ಕೆ ಅವರದೊಂದು ವರಸೆಯಿತ್ತು. ಮೊದಲು ಲೋಕಾಭಿರಾಮ, ಆಮೇಲೆ ಕುತ್ತಿಗೆಗೆ ಕೈ.

"ಹೇಗಿದೆ ಆಟ?"

"ಗುಂಡಿ ಒತ್ತುದ್ರೆ ಕೈ ಬೀಸದು ವಸಿ ತಡ ಸಾ. ಎಡಕ್ಕೆ ಒತ್ತುದ್ರೆ ಒಂದೊಂದ್ಸಲ ಬಲಕ್ಕೆ ಓಗ್ತದೆ. ನಂಗೆ ರೂಢಿ ಇಲ್ಲ. ಆಡಿದ್ದು ಒಂದೇ ಸಲ. ಸುಮ್ನೆ ಒತ್ತುದೆ, ಎದುರಿಗಿದ್ದೋರು ಬಿದ್ದೋದ್ರು."

"ನಿಜವಾದ ಬಾಕ್ಸಿಂಗ್ ಥರ ಇದೆಯಾ?"

ಬಸವಯ್ಯ ತುಸು ಯೋಚಿಸಿದ.

"ಬೆವರು ತೋರಿಸ್ತಾರೆ. ನೋವು ತೋರ್ಸಕಿಲ್ಲ. ಬೀಳದು ಮಾತ್ರ ನಿಜದಂಗೇ ಅದೆ ಸಾ. ಎದ್ದೇಳದು ನಾನು ನೋಡಿಲ್ಲ."

ಅಷ್ಟರಲ್ಲಿ ಒಬ್ಬ ಹೆಂಗಸು ಕ್ಯಾರಿಯರ್ ಹಿಡಿದು ಒಳಗೆ ಬಂದಳು. ಅನ್ನ, ಸಾರಿನ ಘಮ. ಮಲ್ಲಮ್ಮ ನಿನ್ನೆಯ ಖಾಲಿ ಕ್ಯಾರಿಯರನ್ನು ಅವಳ ಕೈಗೆ ಕೊಟ್ಟಳು.

"ಯಾರಮ್ಮ ನೀವು?" ಶಿವಸ್ವಾಮಿ ಕೇಳಿದರು.

"ಮಿಲ್ ಮನೆಯೋರು ಸಾ, ಸುಂದ್ರಮ್ಮ ಅಂತ," ಎಂದವಳೇ ಬರ್ತೀನಿ ಎಂದೂ ಹೇಳದೆ ಹೊರಟುಹೋದಳು.

ಶಿವಸ್ವಾಮಿಗೆ ನಗು ತಡೆಯಲಾಗಲಿಲ್ಲ. ಮಿಲ್ ಮಾಲೀಕನ ಹೆಂಡತಿ ಆಪರೇಟರನ ಮನೆಗೆ ದಿನಾ ಬಿಸಿ ಊಟ ಹೊರುತ್ತಾಳೆ! ಇನ್ನು ಬೇರೆ ಸಾಕ್ಷಿ ಯಾಕೆ?

"ನೋಡಿ ಬಸವಯ್ಯ, ಕೆಲಸ ಹೋಗುತ್ತೆ. ಪೆನ್ಷನ್ನೂ ಹೋಗುತ್ತೆ. ಯಾರಿಗೋಸ್ಕರ ಲೈನ್ ಬಿಟ್ಟಿದೀರಿ, ಈಗಲೇ ಹೇಳಿದ್ರೆ ಬಚಾವ್."

"ಓಗ್ಲಿ ಬುಡಿ ಸಾ."

ಕೈಮುಗಿಯಬೇಕಾದವನು, ಕಾಲಿಗೆ ಬೀಳಬೇಕಾದವನು ಓಗ್ಲಿ ಬುಡಿ ಅನ್ನುತ್ತಾನೆ. ಶಿವಸ್ವಾಮಿಯ ಪಿತ್ತ ನೆತ್ತಿಗೇರಿತು. ಎದ್ದು ಹೋಗಿ ಗೋಡೆಯ ಸ್ವಿಚ್ಚಿಗೆ ಕೈ ಹಾಕಿದರು.

"ಸಾಕು ಆಡಿದ್ದು!"

ಮಲ್ಲಮ್ಮ ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಪರಗಂಡಸಿನ ಕೈ ಹಿಡಿದೆನೆಂಬ ಅಳುಕೂ ಅವಳಿಗಿರಲಿಲ್ಲ.

"ಬ್ಯಾಡಿ ಸಾ. ಅವ್ಳು ಹಾಲು ತರಕ್ಕೆ ಓಗಿ ವಾರ ಆಯ್ತು. ಊಟಿ ರಸ್ತೆ ದಾಟ್ವಾಗ ಲಾರಿ ಗುದ್ಬುಡ್ತು. ಮಣ್ಣು ಮಾಡ್ಬುಟ್ಟು ಬಂದೋ. ಆವತ್ತು ಅಪ್ಪನ್ ಜೊತೆ ಆಡ್ತಾ ಆಡ್ತಾ ಆಟ ನಿಲ್ಸಿ, 'ಆಫ್ ಮಾಡ್ಬ್ಯಾಡ ಕಣಪ್ಪ, ಬಂದು ಎದ್ದೇಳ್ತೀನಿ' ಅಂದ್ಬುಟ್ಟು ಓದ್ಲು."

ಶಿವಸ್ವಾಮಿ ಸ್ವಿಚ್ಚಿನಿಂದ ಕೈ ತೆಗೆದರು. ಅಡುಗೆಮನೆಯ ಒಲೆಯ ಮೇಲೆ ಖಾಲಿ ಹಾಲಿನ ಪಾತ್ರೆ ಇತ್ತು. ಒಲೆ ಹಚ್ಚಿರಲಿಲ್ಲ.

ಬಸವಯ್ಯ ಪರದೆಯಿಂದ ಕಣ್ಣು ಕೀಳದೆ ಹೇಳಿದ: "ಆ ನೀಲಿ ಚಡ್ಡಿ ನನ್ ಮಗಳು ಸಾ. ಹತ್ತು ಎಣ್ಸೋಗಂಟ ಟೈಮ್ ಅದೆ. ಇನ್ನೂ ಎಂಟೇ ಆಗಿರದು."